ಹಂಡ್ಯಾ ಕೆರೆಗೆ ಹೋಗುವ ಹೊತ್ತು

ನಮ್ಮ ಮನೆಯ ಅಂಗಳದಲ್ಲಿ ಯಾವಾಗ ನೋಡಿದರೂ ಒಂದು ಎತ್ತು ನೆಲಕ್ಕೆ ಮಲಗಿರುತ್ತಿತ್ತು. ಅಬ್ಬಾ ಶಿರಗುಪ್ಪಿಯಲ್ಲಿ ಎತ್ತುಗಳ ಗೊರಸಿಗೆ ಕಬ್ಬಿಣದ ನಾಲ ಬಡಿಯುವ ಕೆಲಸ ಮಾಡುತ್ತಿದ್ದರು. ಹತ್ತಿ, ಮೆಣಸಿನಕಾಯಿ ಹೇರಿಕೊಂಡು ಚಕ್ಕಡಿಗಳು ಹುಬ್ಬಳ್ಳಿ ಪೇಟೆಗೆ ಹೋಗುತ್ತಿದ್ದ ಕಾಲ ಅದು. ಮೆತ್ತನೆಯ ಕಪ್ಪು ಎರಿಮಣ್ಣಿನ ಹೊಲದಲ್ಲಿ ನಡೆದು ರೂಢಿಯಾದ ಎತ್ತುಗಳ ಗೊರಸು ಡಾಂಬರು ರಸ್ತೆಯ ಮೇಲೆ ಸವೆದು ರಕ್ತ ಬರುತ್ತಿತ್ತು. ಅಬ್ಬಾ ಎತ್ತಿನ ಕಾಲಿಗೆ ಹಗ್ಗ ಸುತ್ತಿ, ಬೆನ್ನ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಏನೋ ಗುನುಗುತ್ತ ಒಂದು ಬದಿಗೆ ಮೆಲ್ಲಗೆ ಎಳೆದರೆ ಅಷ್ಟು ದೊಡ್ಡ ಪ್ರಾಣಿ ಮೊಣಕಾಲೂರಿ ಹೊರಳಿಬಿಡುತ್ತಿತ್ತು. ಅದರ ತಲೆಯ ಹತ್ತಿರ ಕೂತು ಕುತ್ತಿಗೆಯ ಕೆಳಗಿನ ಜೋಲುಚರ್ಮವನ್ನು ತಿಕ್ಕುತ್ತಿರುವುದು ನನ್ನ ಕೆಲಸ. ಸುತ್ತಿಗೆಯ ಪೆಟ್ಟು ಬಿದ್ದಾಗೆಲ್ಲ ಅದರ ಕಣ್ಣು ನನ್ನ ಕಡೆ ತಿರುಗುತ್ತಿತ್ತು. ಹೆದರಿದ ಜೀವದ ಹತ್ತಿರ ಗದ್ದಲ ಮಾಡದೆ ಕೂರುವುದನ್ನು ನಾನು ಸಾಲೆಗೆ ಹೋಗುವ ಮೊದಲೇ ಕಲಿತದ್ದು ಅಲ್ಲಿ.

ಮನೆ ಎಂದರೆ ಮಣ್ಣಿನ ಚಾವಣಿಯ ಒಂದೇ ಉದ್ದನೆಯ ಮಾಳಿಗೆ. ಬಾಗಿಲು ದಾಟಿದ ಕೂಡಲೇ ಆಡುಗಳ ಜಾಗ. ಅಲ್ಲೇ ಗೋಡೆಗೆ ಹೊಂದಿ ಅಜ್ಜನ ಕಾಲದ ಗೋದಲಿ, ಈಗ ಅದರಲ್ಲಿ ಮೇವಿನ ಬದಲು ಕಟ್ಟಿಗೆ, ಕುಳ್ಳು ತುಂಬಿರುತ್ತಿದ್ದವು. ಒಂದು ಮೆಟ್ಟಿಲು ಹತ್ತಿದರೆ ನಾವು. ಕೊನೆಯಲ್ಲಿ ಒಲೆ, ಒಲೆಯ ಮೇಲೆ ಹೊಗೆ ಹೋಗಲು ಬೆಳಕಿಂಡಿ. ಆ ಕಿಂಡಿಯ ಬೆಳಕು ಮಧ್ಯಾಹ್ನ ಸರಿಯಾಗಿ ದಾದಿಯ ಹಾಸಿಗೆಯ ಮೇಲೆ ಬೀಳುತ್ತಿತ್ತು. ದಾದಿ ಎಂದರೆ ಅಬ್ಬಾನ ತಾಯಿ, ನನ್ನ ಅಜ್ಜಿ. ಮುಂದೆ ಸಾಲೆಯ ಪುಸ್ತಕದಲ್ಲಿ ರೋಗಿಗಳ ಆರೈಕೆ ಮಾಡುವವಳಿಗೂ ದಾದಿ ಎನ್ನುತ್ತಾರೆ ಎಂದು ಓದಿದಾಗ ನನಗೆ ನಗು ಬಂದಿತ್ತು. ನಮ್ಮ ದಾದಿಯೋ, ಯಾರಿಂದಲೂ ಆರೈಕೆ ಮಾಡಿಸಿಕೊಳ್ಳಲು ಒಲ್ಲದವಳು. ಅವಳ ಎರಡೂ ಕಣ್ಣುಗಳಿಗೆ ಪೊರೆ ಬರತೊಡಗಿತ್ತು. ಮನುಷ್ಯರು ಅವಳಿಗೆ ನೆರಳಿನ ಹಾಗೆ ಕಾಣುತ್ತಿದ್ದರು, ದನಿಯಿಂದ ಗುರುತು ಹಿಡಿಯುತ್ತಿದ್ದಳು. ನಮ್ಮ ಮನೆಯಲ್ಲಿ ಉರ್ದು, ಕನ್ನಡ ಎರಡೂ ಕಲಸಿಹೋಗಿದ್ದವು. ದಾದಿ ದುವಾ ಕೇಳುವಾಗ ಮಾತ್ರ ಉರ್ದು, ಸಿಟ್ಟು ಬಂದರೆ ಅಪ್ಪಟ ಕನ್ನಡ. ಆ ದಿನಗಳಲ್ಲಿ ಮನೆಯಲ್ಲಿ ಕನ್ನಡವೇ ಹೆಚ್ಚಾಗಿ ಕೇಳುತ್ತಿತ್ತು.

ಸಿಟ್ಟಿಗೆ ಕಾರಣ ಒಲೆ. ದಾದಿ ಒಂದು ಸಲ ಬೇಳೆಗೆ ಎರಡು ಸಲ ಉಪ್ಪು ಹಾಕಿದಳು, ಇನ್ನೊಂದು ಸಲ ಹಂಚು ಇದೆಯೆಂದು ತಿಳಿದು ಉರಿಗೇ ಕೈಯಿಟ್ಟಳು. ಅಂದಿನಿಂದ ಅಮ್ಮಿ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಅಮ್ಮಿಯ ಮನಸ್ಸಿನಲ್ಲಿ ಇದ್ದದ್ದು ಹೆದರಿಕೆ. ಆದರೆ ಅದು ಹೊರಗೆ ಬರುವಾಗ ಗದರಿಕೆಯಾಗಿ ಬರುತ್ತಿತ್ತು. ದಾದಿ ರೊಟ್ಟಿ ಗಟ್ಟಿಯಾಗಿದೆ ಅನ್ನುವಳು, ಅಮ್ಮಿ ಪಾತ್ರೆಯನ್ನು ಜೋರಾಗಿ ಇಡುವಳು, ಅಬ್ಬಾ ಎದ್ದು ಅಂಗಳಕ್ಕೆ ಹೋಗುವರು. ಜೀವಮಾನವಿಡೀ ಕೆಲಸ ಮಾಡಿದ ಹೆಂಗಸಿಗೆ ಈಗ ದಿನವಿಡೀ ಕೂರುವುದೇ ಕೆಲಸವಾಗಿತ್ತು. ಗೋಡೆಗೆ ಮುಖ ಮಾಡಿ ಮಲಗಿ ಒಮ್ಮೊಮ್ಮೆ ಹೇಳುತ್ತಿದ್ದಳು:

"ಈ ಮನ್ಯಾಗ ನಾ ಹೆಚ್ಚಾಗೇನಿ."

ಅಮ್ಮಿ ಒಲೆಗೆ ಇನ್ನೊಂದು ಕುಳ್ಳು ತುರುಕುವಳು.

ಅಂಥ ಒಂದು ದಿನ, ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ, ಈರಪ್ಪಜ್ಜ ತನ್ನ ಎತ್ತು ಹಂಡ್ಯಾನನ್ನು ಹಿಡಿದುಕೊಂಡು ಬಂದ. ಈರಪ್ಪಜ್ಜ ಊರಿನ ಮೇಲಿನ ಓಣಿಯ ರೈತ, ದಾದಿಗಿಂತ ಸ್ವಲ್ಪ ಚಿಕ್ಕವನು. ಬಿಳಿ ಮೈಮೇಲೆ ಕಂದು ಮಚ್ಚೆಗಳಿದ್ದ ಕಾರಣ ಎತ್ತಿಗೆ ಹಂಡ್ಯಾ ಎಂದು ಹೆಸರು. ಅದು ಮೊದಲ ಸಲ ನೊಗಕ್ಕೆ ಬಂದಾಗಿನಿಂದ ಅಬ್ಬಾನೇ ಅದಕ್ಕೆ ನಾಲ ಬಡಿದದ್ದು. ಈಗ ಅದರ ಬೆನ್ನೆಲುಬು ಎದ್ದು ಕಾಣುತ್ತಿತ್ತು, ಹಿಂದಿನ ಕಾಲು ಎಳೆದು ಹಾಕುತ್ತಿತ್ತು. ಅಬ್ಬಾ ಹಗ್ಗ ತರಲು ಎದ್ದರೆ ಈರಪ್ಪಜ್ಜ ಬೇಡವೆಂದು ಕೈ ಮಾಡಿದ. ಬೇವಿನ ಗಿಡದ ಕೆಳಗೆ ಕೂತ. ಬಹಳ ಹೊತ್ತು ಮಳೆ, ಬೆಳೆ, ಮಂದಿಯ ಸುದ್ದಿ ಮಾತಾಡಿದ. ಆಮೇಲೆ, ಎತ್ತಿನ ಕಡೆ ನೋಡದೆ, ವಿಷಯಕ್ಕೆ ಬಂದ. ಹಿರಿಯ ಮಗ ಶಿವಪ್ಪ ಟ್ರ್ಯಾಕ್ಟರ್ ತರುವವನಿದ್ದಾನೆ. ಹಂಡ್ಯಾನ ಜೋಡಿ ಎತ್ತನ್ನು ಆಗಲೇ ಮಾರಿಯಾಗಿದೆ. ಹಂಡ್ಯಾನನ್ನು ರೈತರು ಯಾರೂ ಕೊಳ್ಳುವುದಿಲ್ಲ, ಬರುವ ಸಂತೆಯಲ್ಲಿ ದಲಾಲಿಗೆ ಕೊಡಬೇಕು, ಅವನು ಎಲ್ಲಿಗೆ ಒಯ್ಯುತ್ತಾನೆಂದು ಎಲ್ಲರಿಗೂ ಗೊತ್ತು.

"ಮನಿ ಕಾರಭಾರ ಮಕ್ಕಳಿಗೆ ಬಿಟ್ಟಕೊಟ್ಟೇನಿ ಮಕ್ತುಮಾ. ಈಗ ನನ್ನ ಮಾತು ನಡಿಯೂದಿಲ್ಲ. ಹುಡುಗ ಕೆಟ್ಟಾಂವ ಅಲ್ಲ, ಅವಂದೂ ಒಂದು ಲೆಕ್ಕ ಐತಿ. ಜಗಳಾ ಮಾಡಿ ಉಳಿಸಿಕೊಂಡ್ರ ನಾಳಿ ಇದಕ್ಕ ಹಾಕೋ ಒಂದೊಂದು ಸೂಡು ಮೇವಿಗೂ ನಾ ಮಾತು ಕೇಳಬೇಕಾಗ್ತೈತಿ. ನಿನ್ನ ಕಡೆ ಕಟ್ಟಕೋ. ಇದರ ಕಾಲು ನಿನ್ನ ಕೈಯಾಗ ಬೆಳದಾವು."

ಅಬ್ಬಾ ಕೂಡಲೇ ಹೂಂ ಅನ್ನಲಿಲ್ಲ. ಒಳಗಿನಿಂದ ಅಮ್ಮಿ ಕೆಮ್ಮಿದಳು. ಆ ಕೆಮ್ಮಿನ ಅರ್ಥ ನಮಗೆಲ್ಲ ಗೊತ್ತಿತ್ತು. ನಮಗೆ ಹೊಲವಿರಲಿಲ್ಲ, ಹೊಲವಿಲ್ಲದ ಮೇಲೆ ಮೇವೂ ಇಲ್ಲ. ಆಡುಗಳು ಬೇಲಿಯ ಸೊಪ್ಪು ತಿಂದು ಬದುಕುತ್ತವೆ, ಎತ್ತಿನ ಹೊಟ್ಟೆ ಹಾಗಲ್ಲ. ಇನ್ನೊಂದು ಮಾತೂ ಇತ್ತು, ಅದನ್ನು ಅಬ್ಬಾ ಬಾಯಿಬಿಟ್ಟು ಹೇಳಲಿಲ್ಲ. ಮುದಿ ಎತ್ತು ಒಂದು ಸಾಬರ ಮನೆಯಲ್ಲಿ ಕಟ್ಟಿದ್ದರೆ ನಾಲ್ಕು ಮಂದಿ ಏನು ತಿಳಿದುಕೊಳ್ಳುತ್ತಾರೆ ಎಂಬ ಮಾತು. ಅಬ್ಬಾ ನೆಲ ನೋಡುತ್ತ ಕೂತರು. ಆಗ ಒಳಗಿನಿಂದ, ಹಾಸಿಗೆಯ ಮೇಲಿನಿಂದಲೇ, ದಾದಿಯ ದನಿ ಬಂತು.

"ಏನ್ ನೋಡಾಕತ್ತೀ? ಕಟ್ಟು ಅದನ್ನ. ಗೋದ್ಲಿ ಖಾಲಿ ಮಾಡು."

ಗೋದಲಿಯಲ್ಲಿದ್ದ ಕುಳ್ಳು, ಕಟ್ಟಿಗೆಯನ್ನು ನಾನೂ ಅಮ್ಮಿಯೂ ಹೊರಗೆ ಹಾಕಿದೆವು. ಅಮ್ಮಿ ಗೋದಲಿಯ ತಳವನ್ನು ಕಸಬರಿಗೆಯಿಂದ ಎರಡು ಸಲ ಗುಡಿಸಿದಳು. ಈರಪ್ಪಜ್ಜ ಹಗ್ಗವನ್ನು ಅಬ್ಬಾನ ಕೈಗೆ ಕೊಟ್ಟು, ಎತ್ತಿನ ಹಣೆ ಮುಟ್ಟಿ, ಹೊರಟುಬಿಟ್ಟ. ತಿರುಗಿ ನೋಡಲಿಲ್ಲ. ಹಂಡ್ಯಾ ಮಾತ್ರ ಅವನು ಹೋದ ದಿಕ್ಕಿಗೆ ಕಿವಿ ಮಾಡಿ ಕತ್ತಲಾಗುವ ತನಕ ನಿಂತಿತ್ತು.

ಅಬ್ಬಾ ಹೆದರಿದ್ದೇ ಆಯಿತು. ಊರಿನ ಚಹಾದಂಗಡಿಯಲ್ಲಿ ಯಾರೋ ನಗುತ್ತ, ಮಕ್ತುಮಸಾಬರ ಮನೆಯಲ್ಲಿ ಈ ಸಲ ಹಬ್ಬ ಜೋರು ಅಂದರಂತೆ. ಅಂದವರು ಚೇಷ್ಟೆಗೆ ಅಂದಿರಬಹುದು. ಆದರೆ ಆ ಮಾತು ಓಣಿ ಓಣಿ ಸುತ್ತಿ ಬರುವಷ್ಟರಲ್ಲಿ ಚೇಷ್ಟೆಯಾಗಿ ಉಳಿದಿರಲಿಲ್ಲ. ಈರಪ್ಪಜ್ಜನಿಗೂ ಅವನ ಮನೆಯಲ್ಲಿ ಮಾತು ಬಂತು. ಮಾರಿದರೆ ಮಾರಿದೆವು ಅನ್ನಬಹುದಿತ್ತು, ಹೀಗೆ ಸಾಬರ ಕೈಗೆ ಕೊಟ್ಟು ಊರಿನವರ ಬಾಯಿಗೆ ಸಿಕ್ಕೆವು ಎಂದು ಶಿವಪ್ಪ ಅಪ್ಪನ ಮೇಲೆ ಹರಿಹಾಯ್ದನಂತೆ. ನಾಲ ಬಡಿಸಲು ಬರುತ್ತಿದ್ದ ಕೆಲವರು ಬರುವುದು ನಿಲ್ಲಿಸಿದರು, ಎತ್ತುಗಳನ್ನು ಬೇರೆ ಊರಿಗೆ ಒಯ್ದರು. ಅಬ್ಬಾ ಮಧ್ಯಾಹ್ನದ ಹೊತ್ತು ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುವುದನ್ನು ನಾನು ಮೊದಲ ಸಲ ನೋಡಿದ್ದು ಆಗ. ಒಂದು ದಿನ ಊಟಕ್ಕೆ ಕೂತಾಗ, ಎತ್ತನ್ನು ಈರಪ್ಪ ಕಾಕಾನಿಗೇ ಹೊಳ್ಳಿಸಿ ಕೊಟ್ಟು ಬರುತ್ತೇನೆ ಅಂದರು. ತಾವು ಇಷ್ಟು ವರ್ಷ ಆ ಮಂದಿಯ ಎತ್ತುಗಳ ಕಾಲು ತೊಡೆಯ ಮೇಲಿಟ್ಟುಕೊಂಡದ್ದು ಅವರಿಗೆ ನೆನಪಿಲ್ಲವಲ್ಲ ಅಂದರು. ರೊಟ್ಟಿ ಮುರಿದವರು ಬಾಯಿಗೆ ಇಡಲಿಲ್ಲ. ದಾದಿ ತನ್ನ ತಾಟಿನ ಮೇಲೆ ಬಗ್ಗಿಕೊಂಡು ಕೇಳುತ್ತಿದ್ದಳು.

"ನೀ ಎಲ್ಲಿಗೂ ಹೋಗಬ್ಯಾಡ," ಅಂದಳು. "ನಾಳಿಂದ ಇದನ್ನ ಕೆರಿಗೆ ನಾ ಒಯ್ತೀನಿ. ಮ್ಯಾಲಿನ ಓಣಿ ಹಿಡದು. ದಿನಾ ನೋಡ್ಲಿ ಮಂದಿ, ಎತ್ತು ಐತೋ ಇಲ್ಲೋ ಅಂತ."

ಅಮ್ಮಿ ತಡೆದಳು. ಕಣ್ಣಿಲ್ಲದ ಮುದುಕಿ, ಕಾಲಿಲ್ಲದ ಎತ್ತು, ಎಲ್ಲಿ ಹೋಗಿ ಬೀಳುತ್ತೀರಿ ಎಂದಳು. ಅಬ್ಬಾನೂ ಒಪ್ಪಲಿಲ್ಲ. ಮರುದಿನ ಹೊತ್ತು ಇಳಿಯುವಾಗ ದಾದಿ ಸೀರೆಯ ಸೆರಗನ್ನು ತಲೆಯ ಮೇಲೆ ಬಿಗಿದುಕೊಂಡು, ಗೋಡೆ ಹಿಡಿದು ಗೋದಲಿಯ ತನಕ ಬಂದು, ಹಗ್ಗ ಬಿಚ್ಚಿದಳು. ಅಬ್ಬಾ ನನ್ನತ್ತ ನೋಡಿದರು. ನಾನು ಜೊತೆಗೆ ಹೊರಟೆ.

ಮೊದಲ ದಿನ ಆ ದಾರಿ ಎಷ್ಟು ಉದ್ದ ಅನಿಸಿತ್ತು. ದಾದಿ ಎತ್ತನ್ನು ಎಳೆಯಲಿಲ್ಲ, ಎತ್ತಿಗೂ ಅವಸರವಿರಲಿಲ್ಲ. ಕಲ್ಲು ಬಂದಲ್ಲಿ ಹಂಡ್ಯಾ ತನ್ನ ನೋವಿನ ಕಾಲಿಗೆ ಹೆದರಿ ನಿಲ್ಲುತ್ತಿತ್ತು, ಅದು ನಿಂತರೆ ದಾದಿಗೆ ಮುಂದೆ ಕಲ್ಲಿದೆ ಎಂದು ತಿಳಿಯುತ್ತಿತ್ತು. ಯಾರು ಯಾರನ್ನು ನಡೆಸುತ್ತಿದ್ದಾರೆ ಎಂದು ಹೇಳುವುದು ಕಷ್ಟ. ಕಟ್ಟೆಗಳ ಮೇಲೆ ಕೂತ ಗಂಡಸರು ಮಾತು ನಿಲ್ಲಿಸಿದರು. ದಾದಿ ಆ ಮೌನದ ಕಡೆಗೇ ಮುಖ ತಿರುಗಿಸಿ, ಅಲ್ಲಿ ಯಾರಿರಬಹುದೆಂದು ಊಹಿಸಿ, ಹೆಸರು ಹಿಡಿದು ಮಾತಾಡಿಸಿದಳು. ನಿನ್ನ ತಾಯಿಯ ಸೊಂಟನೋವು ಹೇಗಿದೆ, ಮೊಮ್ಮಗ ನಡೆಯುತ್ತಾನೋ. ಆ ಊರಿನ ಎಷ್ಟೋ ಹೆರಿಗೆಗಳಲ್ಲಿ ಅವಳು ಬಿಸಿನೀರು ಹಿಡಿದು ಪಕ್ಕದಲ್ಲಿ ನಿಂತವಳು, ಅವಳಿಗೆ ಉತ್ತರ ಕೊಡದೆ ಇರಲು ಯಾರಿಗೂ ಮನಸ್ಸು ಬರಲಿಲ್ಲ. ಒಂದೆರಡು ಊಹೆ ತಪ್ಪಿದವು. ಒಬ್ಬನನ್ನು ಅವನ ಸತ್ತ ಅಣ್ಣನ ಹೆಸರಿನಿಂದ ಕರೆದಳು. ಅವನು ತಿದ್ದಲಿಲ್ಲ, ಅಣ್ಣನಾಗಿಯೇ ಉತ್ತರ ಕೊಟ್ಟ.

ಹೀಗೆ ದಿನಾ. ಮಳೆಗಾಲ ಹಿಡಿಯುವಷ್ಟರಲ್ಲಿ ಆ ಹೊತ್ತಿಗೆ ನಮ್ಮನ್ನು ಕಾಯುವವರು ಹುಟ್ಟಿಕೊಂಡಿದ್ದರು. ಒಬ್ಬಳು ತರಕಾರಿ ಸಿಪ್ಪೆ ತಂದಿಡುವಳು, ಇನ್ನೊಬ್ಬಳು ಹಿಟ್ಟಿನ ಪಾತ್ರೆ ತೊಳೆದ ನೀರಿಗೆ ತೌಡು ಕಲಸಿ ತರುವಳು. ಹಂಡ್ಯಾ ಯಾವ ಬಾಗಿಲಲ್ಲಿ ನಿಲ್ಲಬೇಕೆಂದು ತಾನೇ ಕಲಿತುಕೊಂಡಿತು. ಈರಪ್ಪಜ್ಜನ ಮನೆಯ ಮುಂದೆ ಹಾಯುವಾಗ ಮಾತ್ರ ದಾದಿ ನಿಲ್ಲುತ್ತಿರಲಿಲ್ಲ, ಮಗನ ಸಿಟ್ಟಿನ ಮುಂದೆ ಆ ಮುದುಕನನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದೆಂದು. ಆದರೆ ಆ ಮನೆಯ ಹಿತ್ತಲ ತಿರುವಿನಲ್ಲಿ ಶಿವಪ್ಪನ ಹೆಂಡತಿ ನೀಲವ್ವ ಕಾಯುತ್ತಿದ್ದಳು. ಸೆರಗಿನಡಿ ನೆನೆಸಿದ ಹತ್ತಿಕಾಳಿನ ಬುಟ್ಟಿ. ಎತ್ತು ತಿನ್ನುವ ತನಕ ಅವಳು ದಾದಿಯ ಕೈ ಹಿಡಿದು ನಿಲ್ಲುವಳು. ಮನೆಗೆ ಬಂದ ಮೇಲೆ ದಾದಿ ದಾರಿಯ ಸುದ್ದಿಯನ್ನೆಲ್ಲ ಅಮ್ಮಿಗೆ ಹೇಳುವಳು. ಯಾರ ಮನೆಯ ಒಗ್ಗರಣೆ ಸೀದಿತ್ತು ಎಂಬುದೂ ಅದರಲ್ಲಿರುತ್ತಿತ್ತು. ಅಮ್ಮಿ ನಗುವಳು. ರೊಟ್ಟಿ ಗಟ್ಟಿಯಾಗಿದೆ ಎಂಬ ದೂರು ಯಾವಾಗ ನಿಂತಿತೋ ನನಗೆ ನೆನಪಿಲ್ಲ.

ಮಳೆ ಜೋರಾಗಿ ಬಂದುಹೋದ ಒಂದು ಸಂಜೆ, ನನಗೆ ಜ್ವರ ಬಂದು ಮಲಗಿದ್ದೆ. ಇವತ್ತು ಬೇಡ ಎಂದು ಅಮ್ಮಿ ಎಷ್ಟು ಹೇಳಿದರೂ ದಾದಿ ಒಬ್ಬಳೇ ಹೋದಳು. ಎರಿಮಣ್ಣು ತೊಯ್ದರೆ ಬೆಣ್ಣೆಯಂತೆ ಜಾರುತ್ತದೆ. ಕೆರೆಯ ಏರಿಯ ಇಳಿಜಾರಿನಲ್ಲಿ ಅವಳ ಕಾಲು ಜಾರಿತು, ಸೊಂಟ ಊರಿ ಬಿದ್ದಳು. ಏಳಲು ಆಗಲಿಲ್ಲ. ಹಗ್ಗದ ತುದಿ ಅವಳ ಮುಂಗೈಗೆ ಸುತ್ತಿತ್ತು. ಎತ್ತು ಬೆದರಿ ಓಡಿದ್ದರೆ ಎಳೆದುಕೊಂಡು ಹೋಗುತ್ತಿತ್ತು. ಹಂಡ್ಯಾ ಓಡಲಿಲ್ಲ. ತಗ್ಗಿನಲ್ಲಿ ನೀರು ಕಾಣುತ್ತಿದ್ದರೂ, ಬಾಯಾರಿದ್ದರೂ, ಅಲ್ಲೇ ನಿಂತಿತು. ಹೊಲದಿಂದ ಬರುತ್ತಿದ್ದ ಶಿವಪ್ಪನಿಗೆ ದೂರದಿಂದ ಕಂಡದ್ದು ಬರೀ ಎತ್ತು. ಇದೇಕೆ ಹೀಗೆ ಒಂದೇ ಕಡೆ ನಿಂತಿದೆ ಎಂದು ಹತ್ತಿರ ಹೋದಾಗ ದಾದಿ ಕಂಡಳಂತೆ. ಅವಳು ನೋವಿನಲ್ಲೂ ಅವನಿಗೆ ಮೊದಲು ಹೇಳಿದ್ದು ಎತ್ತಿಗೆ ಇನ್ನೂ ನೀರು ಕುಡಿಸಿಲ್ಲ ಎಂದು.

ನಮ್ಮ ಬಾಗಿಲಿಗೆ ಬಂದ ಮೆರವಣಿಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ದಾದಿಯನ್ನು ಯಾರದೋ ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿದ್ದರು. ಅದರ ಹಿಂದೆ, ಮೊಣಕಾಲ ತನಕ ಕೆಸರಾದ ಶಿವಪ್ಪ, ಕೈಯಲ್ಲಿ ಹಂಡ್ಯಾನ ಹಗ್ಗ. ತಾನು ಮಾರಬೇಕೆಂದಿದ್ದ ಎತ್ತನ್ನು ಹಿಡಿದು ಇಡೀ ಮೇಲಿನ ಓಣಿಯನ್ನು ಹಾದು ಬಂದಿದ್ದ. ನಮ್ಮ ಹೊಸ್ತಿಲು ದಾಟಿದ್ದೂ ಅವನು ಅವತ್ತೇ ಮೊದಲು. ಎತ್ತನ್ನು ಗೋದಲಿಗೆ ಕಟ್ಟಿ, ಒಳಗಿನ ಸಿಪ್ಪೆ, ತೌಡಿನ ಉಳಿಕೆಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತ. ಅಬ್ಬಾ ಕೂರಲು ಹೇಳಿದರು, ಕೂರಲಿಲ್ಲ. ಅಮ್ಮಿ ಚಹಾ ತಂದಳು, ನಿಂತೇ ಕುಡಿದ.

"ಸಾಬ್ರ," ಅಂದ, "ನಾ ಅಂದಿದ್ದು ನಿಮ್ಮ ಕಿವಿಗೂ ಬಿದ್ದಿರಬೇಕು."

ಅಬ್ಬಾ ಅವನ ಕೈಯಿಂದ ಖಾಲಿ ಕಪ್ಪು ಇಸಿದುಕೊಂಡರು. ನಿಮ್ಮ ಎತ್ತು ನಮ್ಮ ತಾಯಿಯನ್ನು ಉಳಿಸಿತು ಅಂದರು. ಮರುದಿನ ಬೆಳಿಗ್ಗೆ ಒಂದು ಚಕ್ಕಡಿ ತುಂಬ ಜೋಳದ ಒಣ ಕಣಿಕೆಯ ಮೇವು ನಮ್ಮ ಅಂಗಳದಲ್ಲಿ ಬಂದುಬಿತ್ತು. ತಂದ ಆಳು ಯಾರು ಕಳಿಸಿದ್ದು ಎಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೆಲವು ದಿನಗಳ ಮೇಲೆ ಈರಪ್ಪಜ್ಜನೇ ಬಂದ, ಈ ಸಲ ಮಗನಿಗೆ ಹೇಳಿ ಬಂದಿದ್ದ. ಬಾಗಿಲಲ್ಲಿ ಅವನು ಕೆಮ್ಮಿದ ಕೂಡಲೇ ಹಂಡ್ಯಾ ಮೇಯುವುದು ಬಿಟ್ಟು ತಲೆ ಎತ್ತಿತು. ಮುದುಕ ಅದರ ಕುತ್ತಿಗೆಗೆ ಮುಖ ಒತ್ತಿ ನಿಂತ. ಅಬ್ಬಾ ನನ್ನನ್ನು ಹೊರಗೆ ಕರೆದುಕೊಂಡು ಬಂದರು.

ದಾದಿಯ ಸೊಂಟ ಸರಿಯಾಗಲು ಬಹಳ ತಿಂಗಳು ಹಿಡಿಯಿತು. ಅಮ್ಮಿ ಅವಳಿಗೆ ಎಣ್ಣೆ ತಿಕ್ಕುವಳು, ಹೊರಳಿಸುವಳು, ಕೈಯಾರೆ ಉಣಿಸುವಳು. ಒಲ್ಲೆ ಒಲ್ಲೆ ಅನ್ನುತ್ತಲೇ ದಾದಿ ಆರೈಕೆ ಮಾಡಿಸಿಕೊಳ್ಳುವುದನ್ನು ಕಲಿತಳು. ಅಷ್ಟು ದಿನ ಎತ್ತನ್ನು ಕೆರೆಗೆ ಒಯ್ಯುತ್ತಿದ್ದವಳು ನಾನು. ದಾರಿಯಲ್ಲಿ ಎಲ್ಲರೂ ಮೊದಲು ಕೇಳುವುದು ದಾದಿಯನ್ನು, ಆಮೇಲೆ ಎತ್ತನ್ನು. ಕೊಡುವವರು ಈಗ ಎರಡು ಗಂಟು ಕೊಡುತ್ತಿದ್ದರು, ಒಂದು ಹಂಡ್ಯಾನಿಗೆ, ಇನ್ನೊಂದರಲ್ಲಿ ದಾದಿಗೆಂದು ಗುರೆಳ್ಳು ಚಟ್ನಿ, ಮೆತ್ತನೆಯ ಹೋಳಿಗೆ. ನಾಲ ಬಡಿಸುವವರು ಒಬ್ಬೊಬ್ಬರೇ ತಿರುಗಿ ಬಂದರು. ಏನೂ ಆಗಿಲ್ಲವೆಂಬಂತೆ ಬಂದರು. ಅಬ್ಬಾನೂ ಏನೂ ಆಗಿಲ್ಲವೆಂಬಂತೆ ಹಗ್ಗ ತೆಗೆದುಕೊಂಡರು. ಇದು ಅವರ ದೊಡ್ಡ ಗುಣವೋ, ಹೊಟ್ಟೆಪಾಡೋ ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ಎರಡೂ ಇದ್ದಿರಬೇಕು.

ಮುಂದಿನ ಚಳಿಗಾಲ ದಾಟುವುದು ಹಂಡ್ಯಾನಿಗೆ ಆಗಲಿಲ್ಲ. ಒಂದು ಬೆಳಿಗ್ಗೆ ಮಲಗಿದ್ದು ಏಳಲೇ ಇಲ್ಲ. ಎತ್ತು ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಬೇಗ ಸಾಯುತ್ತದೆ. ಅಬ್ಬಾ ಗೋಣಿಚೀಲಗಳನ್ನು ಹೊಲಿದು ಅಗಲವಾದ ಪಟ್ಟಿ ಮಾಡಿದರು. ಅದನ್ನು ಹೊಟ್ಟೆಯ ಕೆಳಗೆ ತೂರಿಸಿ ಈ ಕಡೆ ಶಿವಪ್ಪ, ಆ ಕಡೆ ಅಬ್ಬಾ, ಜೊತೆಗೆ ಓಣಿಯವರು ಸೇರಿ ಎತ್ತಿ ನಿಲ್ಲಿಸುತ್ತಿದ್ದರು. ಹಿಂದಿನ ಕಾಲು ಗಟ್ಟಿಯಾಗುವ ತನಕ ಹಾಗೇ ಹಿಡಿದಿರುತ್ತಿದ್ದರು, ಆಮೇಲೆ ಮಗ್ಗುಲು ಬದಲಿಸಿ ಮೆಲ್ಲಗೆ ಮಲಗಿಸುತ್ತಿದ್ದರು. ಎಳೆಯಬೇಡಿ, ಅದಕ್ಕೆ ಏಳಬೇಕು ಅನಿಸುವ ತನಕ ಕಾಯಿರಿ ಎಂದು ಅಬ್ಬಾ ಹೇಳುತ್ತಿದ್ದರು. ನಾನು ದೊಡ್ಡವಳಾಗಿ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸಾದೆ. ಬಿದ್ದ ಮುದುಕರನ್ನು ಹಾಸಿಗೆಯಿಂದ ಎಬ್ಬಿಸುವಾಗ ಹೊಸ ಹುಡುಗಿಯರಿಗೆ ನಾನು ಹೇಳಿಕೊಟ್ಟದ್ದೂ ಇಷ್ಟೇ. ಅದನ್ನು ನಾನು ಯಾವ ತರಗತಿಯಲ್ಲೂ ಕಲಿತಿರಲಿಲ್ಲ.

ಈರಪ್ಪಜ್ಜ ಆಗ ದಿನಾ ಬಂದು ಎತ್ತಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ದಾದಿ ಅವನ ಎದುರು, ಗೋದಲಿಗೆ ಒರಗಿ. ಇಬ್ಬರ ನಡುವೆ ಆ ಪ್ರಾಣಿಯ ಉಸಿರು. ಒಂದು ದಿನ ಬಿಸಿಲು ಏರುವ ಹೊತ್ತಿಗೆ ಆ ಉಸಿರು ನಿಂತಿತು. ಸುದ್ದಿ ತಿಳಿದು ಮೇಲಿನ ಓಣಿಯಿಂದ, ನಮ್ಮ ಓಣಿಯಿಂದ ಮಂದಿ ಬಂದರು. ಚಹಾದಂಗಡಿಯಲ್ಲಿ ನಕ್ಕವರೂ ಇದ್ದಿರಬೇಕು. ನೀಲವ್ವ ಅರಿಶಿಣ, ಕುಂಕುಮ ತಂದಳು. ಅಮ್ಮಿ ತನ್ನ ಪೆಟ್ಟಿಗೆಯಿಂದ ಹೊಸ ಬಟ್ಟೆ ತೆಗೆದು ಹೊದಿಸಿದಳು. ಹುಗಿಯುವುದು ಎಲ್ಲಿ ಎಂದು ಯಾರೋ ಕೇಳಿದರು. ನಮಗೆ ಹೊಲವಿಲ್ಲ ಎಂದು ಅಬ್ಬಾ ಹೇಳುವ ಮೊದಲೇ ಶಿವಪ್ಪ, ನಮ್ಮ ಹೊಲದಲ್ಲಿ, ಬನ್ನಿಗಿಡದ ಹತ್ತಿರ ಎಂದ. ಕುಣಿ ತೋಡಲು ಅವನೇ ಮೊದಲು ಗುದ್ದಲಿ ಹಾಕಿದ. ಹಂಡ್ಯಾನನ್ನು ಹೊಲದ ತನಕ ಒಯ್ದದ್ದು ಅದರ ಜಾಗಕ್ಕೆ ಬಂದಿದ್ದ ಟ್ರ್ಯಾಕ್ಟರೇ. ಶಿವಪ್ಪ ಅದನ್ನು ಬಹಳ ಮೆಲ್ಲಗೆ ನಡೆಸಿದ.

ಆಮೇಲಿನ ಸಂಜೆಗಳು ನನಗೆ ತಡೆಯಲಾಗುತ್ತಿರಲಿಲ್ಲ. ಹೊತ್ತು ಇಳಿದ ಕೂಡಲೇ ದಾದಿ ಎದ್ದು ಕೂರುವಳು, ನಂತರ ನೆನಪಾಗಿ ಮತ್ತೆ ಮಲಗುವಳು. ನಡೆಯಲು ಬರುತ್ತಿತ್ತು, ಹೋಗಲು ಕಾರಣವಿರಲಿಲ್ಲ. ಹೊರಗೆ ಕೂರು ಎಂದು ಅಮ್ಮಿ ಕರೆದರೂ ಬರುತ್ತಿರಲಿಲ್ಲ. ಮಾತು ಕಡಿಮೆ ಮಾಡಿದಳು, ಊಟ ಕಡಿಮೆ ಮಾಡಿದಳು. ಹೀಗಿರುವಾಗ ಒಂದು ಸಂಜೆ ಈರಪ್ಪಜ್ಜ ಬಡಿಗೆ ಊರಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಏಳ ಯಕ್ಕಾ, ಕೆರಿ ತನಕಾ ಹೋಗಿ ಬರೂಣು."

"ಎತ್ತಿಲ್ಲಲ್ಲಪಾ," ಅಂದಳು ದಾದಿ. "ಏನ್ ಮಾಡಾಕ ಹೋಗ್ಲಿ?"

"ನನ್ನ ಕರಕೊಂಡ ಹೋಗು. ನನಗ ಮನ್ಯಾಗ ಕುಂತು ಕುಂತು ಕಾಲು ಹಿಡದಾವು."

ದಾದಿ ಗೋಡೆ ಹಿಡಿದು ಎದ್ದಳು. ಆಮೇಲೆ ಸೆರಗು ಹುಡುಕಿದಳು. ಅಮ್ಮಿ ಅವಳ ಚಪ್ಪಲಿಯನ್ನು ಕಾಲಿನ ಮುಂದೆ ತಂದಿಟ್ಟಳು. ದಾದಿ ನನ್ನ ಹೆಗಲ ಮೇಲೆ ಕೈಯಿಟ್ಟಳು, ಈರಪ್ಪಜ್ಜ ಬಡಿಗೆ ಟಕ್ ಟಕ್ ಎನ್ನಿಸುತ್ತ ಮುಂದೆ ಮುಂದೆ. ಕಟ್ಟೆಯ ಮೇಲಿನವರು ಈ ಸಲ ಮಾತು ನಿಲ್ಲಿಸಲಿಲ್ಲ, ಕೂರಲು ಜಾಗ ಮಾಡಿಕೊಟ್ಟರು. ಕೆರೆಯ ತನಕ ನಮಗೆ ಹೋಗಲಾಗಲಿಲ್ಲ, ಅಲ್ಲೇ ಕೂತೆವು. ಇಬ್ಬರೂ ಹಂಡ್ಯಾನ ವಿಷಯ ತೆಗೆದರು. ಅದರ ಒಂದು ಕೊಂಬು ಸ್ವಲ್ಪ ಒಳಗೆ ಬಾಗಿತ್ತು. ಎಡಗೊಂಬು ಅಂದ ಈರಪ್ಪಜ್ಜ. ಬಲಗೊಂಬು, ದಿನಾ ನನ್ನ ಕೈಗೆ ಅದೇ ತಾಗುತ್ತಿತ್ತು ಅಂದಳು ದಾದಿ. ಕರುವಾಗಿದ್ದಾಗಿಂದ ಸಾಕಿದವನು ನಾನೋ ನೀನೋ ಎಂದು ಅವನು, ಕಣ್ಣಿದ್ದವರು ನೋಡಿದ್ದು ಅಷ್ಟರಲ್ಲೇ ಇದೆ ಎಂದು ಅವಳು. ದೀಪ ಹಚ್ಚುವ ಹೊತ್ತಾಯಿತು, ಇಬ್ಬರೂ ಬಿಟ್ಟುಕೊಡಲಿಲ್ಲ. ನಾಳೆ ಮತ್ತೆ ನೋಡೋಣ ಎಂದು ಎದ್ದರು. ಯಾವ ಕೊಂಬು ಎಂದು ನನಗೆ ಸರಿಯಾಗಿ ಗೊತ್ತಿತ್ತು. ಅವರು ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ.